ಮಾಡಿದ್ದುಣ್ಣೋ ಮಹಾರಾಯ

ಯಾರಿಗಾದರೂ ಕೇಡಾದಾಗ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಮಾಡಿದವನು ಉಂಡ, ಲೆಕ್ಕ ಚುಕ್ತಾ ಆಯಿತು ಎಂಬ ಸಮಾಧಾನ ನಮ್ಮದು. ಆದರೆ ಅಧಿಕಾರದಲ್ಲಿದ್ದವನು ಮಾಡಿದ್ದನ್ನು ಅವನೊಬ್ಬನೇ ಉಣ್ಣುವುದಿಲ್ಲ. ಇದನ್ನು ಲಕ್ಷ್ಮೀಶ ಕವಿ ಚಂದ್ರಹಾಸನ ಕಥೆಯಲ್ಲಿ ನಿಚ್ಚಳವಾಗಿ ತೋರಿಸಿದ್ದಾನೆ.

ಬಾಬಾಬುಡನ್‌ಗಿರಿಯಿಂದ ಮೂಡಲಿಗೆ ಇಳಿದರೆ ಸಿಗುವ ಕಡೂರು ಸೀಮೆಯ ದೇವನೂರು ಈ ಕವಿಯ ಊರು. ವಾರ್ಧಕ ಷಟ್ಪದಿಯ 34 ಸಂಧಿಗಳ ಅವನ ಜೈಮಿನಿ ಭಾರತ ಗಮಕಿಗಳ ಅಚ್ಚುಮೆಚ್ಚಿನ ಕಾವ್ಯ. ಚಂದ್ರಹಾಸನ ಕಥೆ ಯಕ್ಷಗಾನದ ಪ್ರಸಂಗವಾಗಿಯೂ ಹೆಸರಾಗಿದೆ.

ಅನಾಥ ಹುಡುಗ ಚಂದ್ರಹಾಸ ಮುಂದೆ ನಾಡಾಳುತ್ತಾನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುಂತಳದ ಮಂತ್ರಿ ದುಷ್ಟಬುದ್ಧಿಗೆ ಹೊಟ್ಟೆಕಿಚ್ಚು ಹತ್ತಿತು. ಕೊಲ್ಲಲು ಕಟುಕರನ್ನು ಅಟ್ಟಿದ. ಅವರು ಮಗುವಿನ ಮುಖ ಕಂಡು ಕರಗಿ, ಕಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ಕುರುಹಾಗಿ ತಂದರು. ಹುಡುಗ ಕುಳಿಂದನೆಂಬವನ ಸಾಕುಮಗನಾಗಿ ಬೆಳೆದ. ಅದು ತಿಳಿದ ಮಂತ್ರಿ, ಇವನಿಗೆ ವಿಷ ಕೊಡು ಎಂದು ತನ್ನ ಮಗ ಮದನನಿಗೆ ಓಲೆ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸಿದ. ಉದ್ಯಾನದಲ್ಲಿ ನಿದ್ದೆಹೋಗಿದ್ದವನ ಬಳಿಯಿದ್ದ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಓದಿ, ‘ವಿಷ’ವನ್ನು ‘ವಿಷಯೆ’ ಎಂದು ತಿದ್ದಿದಳು. ಸಾವಿನ ಬದಲು ಅವಳೊಂದಿಗೆ ಮದುವೆ ನಡೆಯಿತು. ಆಗಲೂ ಮಂತ್ರಿಯ ಕಿಚ್ಚು ಆರಲಿಲ್ಲ. ಊರಾಚೆಯ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ಅಡಗಿಸಿ, ಅಳಿಯನನ್ನು ಪೂಜೆಗೆಂದು ಕಳಿಸಿದ. ದಾರಿಯಲ್ಲಿ ಎದುರಾದ ಮದನ, ಅರಸ ಕರೆಯುತ್ತಿದ್ದಾನೆಂದು ಭಾವನನ್ನು ಅರಮನೆಗೆ ಕಳಿಸಿ, ಪೂಜೆಯ ಸಾಮಗ್ರಿ ಹಿಡಿದು ತಾನೇ ಗುಡಿಯ ಹೊಸ್ತಿಲು ದಾಟಿದ. ಕತ್ತಿ ಬಿದ್ದದ್ದು ಅವನ ಮೇಲೆ.

ಒಂದನ್ನು ಗಮನಿಸಬೇಕು. ಈ ಸಂಚು ನಡೆದದ್ದೇ ಒಳ್ಳೆಯವರ ನಿಷ್ಠೆಯನ್ನು ನೆಚ್ಚಿಕೊಂಡು. ಕೊಟ್ಟ ಓಲೆಯನ್ನು ಬಿಚ್ಚದ ಚಂದ್ರಹಾಸ ನಂಬಿಗಸ್ತ. ತಂದೆಯ ಓಲೆಯನ್ನು ಶಿರಸಾವಹಿಸಿದ ಮದನನೂ ನಂಬಿಗಸ್ತ. ಚಂದ್ರಹಾಸನ ಜೀವ ಉಳಿದದ್ದು ಅಪ್ಪಣೆ ಮೀರಿದ ಕಟುಕರಿಂದ, ಓಲೆ ಬಿಚ್ಚಿ ನೋಡಿದ ವಿಷಯೆಯಿಂದ.

ಮಗನ ಹೆಣ ಕಂಡು ದುಷ್ಟಬುದ್ಧಿಯೂ ಪ್ರಾಣ ಬಿಟ್ಟ. ಚಂದ್ರಹಾಸನ ಮೊರೆ ಕೇಳಿ ದೇವಿ ಇಬ್ಬರನ್ನೂ ಬದುಕಿಸಿದಳು. ಕಾವ್ಯಕ್ಕೆ ದೇವಿಯ ಕೃಪೆಯಿದೆ. ಆಳುವವರ ಹಗೆಗೆ ಬಲಿಯಾದ ಮದನರು ನಾಡಿನಲ್ಲಿ ಮತ್ತೆ ಏಳುವುದಿಲ್ಲ.

ಗಾದೆಯನ್ನು ಬಿದ್ದವನ ಬೆನ್ನ ಹಿಂದೆ ಹೇಳಿ ಫಲವಿಲ್ಲ. ಹೊಟ್ಟೆಕಿಚ್ಚಿನ ಒಡೆಯ ನಮ್ಮ ಕೈಗೆ ಓಲೆ ಕೊಡುವಾಗಲೇ ಅದು ನೆನಪಾಗಬೇಕು. ಒಡೆಯನಿಗೆ ನಿಷ್ಠರಾಗಿರಿ, ಆದರೆ ಹೊತ್ತು ನಡೆಯುವ ಮುನ್ನ ಓಲೆಯನ್ನು ಓದಿ.