ದೂರದಿಂದ ಕಂಡ ಮನೆ

ಪರದೇಶಕ್ಕೆ ಓದಲು ಹೋದವರಿಗೆ ಊರಿನ ಮೇಲೆ ಪ್ರೀತಿ ಹೆಚ್ಚುತ್ತದೆ ಎನ್ನುತ್ತೇವೆ. ಹೆಚ್ಚುವುದು ಪ್ರೀತಿಯೋ, ಬರೀ ಹಂಬಲವೋ?

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಗಾಂಧಿ ಭಗವದ್ಗೀತೆಯನ್ನು ಮೊದಲು ಓದಿದ್ದು ಅಲ್ಲಿಯೇ, ಇಂಗ್ಲಿಷ್ ಅನುವಾದದಲ್ಲಿ. ಸಂಸ್ಕೃತದಲ್ಲೂ ಗುಜರಾತಿಯಲ್ಲೂ ಓದಿರಲಿಲ್ಲವೆಂದು ನಾಚಿಕೊಂಡರು. ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದ ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದೂ ಅಲ್ಲಿದ್ದಾಗಲೇ. ಬಿಟ್ಟುಬಂದ ಅಗ್ರಹಾರ ಅವರಿಗೆ ಸವಿನೆನಪಾಗಲಿಲ್ಲ, ಪ್ರಶ್ನೆಯಾಯಿತು. ಒಬ್ಬರಿಗೆ ಮನೆಯ ಸಂಪತ್ತು ಕಂಡಿತು, ಇನ್ನೊಬ್ಬರಿಗೆ ಗೋಡೆಯ ಬಿರುಕು. ಎರಡೂ ಪ್ರೀತಿಯೇ.

ಹಂಬಲಕ್ಕೆ ಅಮ್ಮನ ಸಾರಿನ ರುಚಿಯಷ್ಟೇ ಸಾಕು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಅವಳು ಕೊನೆಗೆ ಉಣ್ಣುತ್ತಿದ್ದಳೆಂದು ದೂರದಲ್ಲಿ ಕೂತು ಹೊಳೆದರೆ, ಅದು ಪ್ರೀತಿ. ಹಾಗೆ ಹೊಳೆದವರು ಊರಿಗೆ ಬಂದಾಗ ಎಲೆಯ ಮುಂದೆ ಮೊದಲು ಕೂರಿಸಬೇಕಾದದ್ದು ಅವಳನ್ನು.