ಅನ್ನವಿಕ್ರಯವೂ ಕಾಯಕವೂ

ಅನ್ನವನ್ನು ಇಕ್ಕಬೇಕಲ್ಲದೆ ಮಾರಬಾರದೆಂಬ ಹಿರಿಯರ ಮಾತನ್ನು ಹಿಡಿದು, ತಳ್ಳುಗಾಡಿಯಲ್ಲಿ ಇಡ್ಲಿ-ವಡೆ ಮಾರಿ ಬದುಕಹೊರಟವನ ಉದ್ಯೋಗವು ಕಾಯಕವೆನಿಸೀತೇ ಎಂದು ಕೆಲವರು ಶಂಕಿಸುವರು. ಈ ಶಂಕೆಯು ನಿಲ್ಲತಕ್ಕುದಲ್ಲ. ಹೊತ್ತು ಮೂಡುವ ಮುನ್ನ ಕೆಲಸಕ್ಕೆ ಹೊರಟ ಕೂಲಿಕಾರನಿಗೆ ಬಿಸಿ ತುತ್ತು ದೊರೆಯುವುದು ಆ ಗಾಡಿಯ ಬಳಿಯಲ್ಲಿಯೇ. ಛತ್ರವು ಎಲ್ಲೆಡೆಯೂ ಇರುವುದೇ? ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು 2014ರ ಕೇಂದ್ರ ಶಾಸನವು ಮಾನ್ಯಮಾಡಿತು. 2020ರಲ್ಲಿ ಆರಂಭವಾದ ಸ್ವನಿಧಿ ಯೋಜನೆಯು ಮೊದಲ ಸಾಲವಾಗಿ 10,000 ರೂಪಾಯಿಗಳವರೆಗೆ ಒದಗಿಸಿತು. ಬಂಡವಾಳವು ಹೇಗಾದರೂ ದೊರೆತೀತು, ಧರ್ಮಸಂಕಟವಿರುವುದು ಬಾಣಲೆಯಲ್ಲಿ.

ದಿನದ ಕೊನೆಗೆ ಉಳಿದ ಎಣ್ಣೆಯನ್ನು ಚೆಲ್ಲಿದರೆ ಅಂದಿನ ಲಾಭದಲ್ಲೊಂದು ಪಾಲು ಹೋಗುವುದು. ಮರುದಿನ ಅದನ್ನೇ ಕಾಯಿಸಿದರೆ ಉಣ್ಣುವವನಿಗೆ ತಿಳಿಯದು. ಮೇಲಿಂದ ಮೇಲೆ ಕಾದ ಎಣ್ಣೆಯು ಕಪ್ಪಾಗಿ, ಮಂದವಾಗಿ, ದೇಹಕ್ಕೆ ಅಹಿತವಾಗುವುದು. ಅದರಲ್ಲಿಯ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಬಳಸಕೂಡದೆಂದು 2018ರಲ್ಲಿ ನಿಯಮವು ಜಾರಿಗೆ ಬಂದಿತು. ಆದರೆ ಗಾಡಿಗಾಡಿಗೂ ಬಂದು ಅಳೆಯುವವರು ಯಾರು? ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದುತಂದ ಅಕ್ಕಿಯನ್ನು ಲಕ್ಕಮ್ಮ ತಾಯಿಯು ಮರಳಿ ಸುರಿಸಿದ್ದು ಯಾವ ಅಧಿಕಾರಿಗೂ ಅಂಜಿಯಲ್ಲ.

ಹಾಗೆಂದು ಬಡವನಿಗೆ ನಷ್ಟವನ್ನು ಮಾತ್ರ ಬೋಧಿಸುವುದು ಸುಲಭದ ಪಾಂಡಿತ್ಯ. ಸಣ್ಣ ಬಾಣಲೆಯಲ್ಲಿ ಅಂದಂದಿಗೆ ತೀರುವಷ್ಟೇ ಎಣ್ಣೆ ಹೊಯ್ಯುವುದು ಒಂದು ಉಪಾಯ. ವಡೆಗಿಂತ ಇಡ್ಲಿಯನ್ನು ನಂಬುವುದು ಮತ್ತೊಂದು.