ಹಸಿಗೂಸಿನ ನಿದ್ದೆ

ಬಾಣಂತಿಯನ್ನು ನೋಡಲು ಬಂದವರು ತಪ್ಪದೆ ಕೇಳುವ ಮಾತೊಂದಿದೆ: "ಮಗು ರಾತ್ರಿ ನಿದ್ದೆ ಮಾಡುತ್ತಾ?" ಮಾಡುತ್ತದೆ ಎಂದರೆ "ಬಂಗಾರದಂಥ ಮಗು, ನೀನು ಪುಣ್ಯವಂತೆ ಬಿಡು" ಎನ್ನುತ್ತಾರೆ. ಹುಟ್ಟಿ ನಾಲ್ಕೈದು ದಿನವಾದ ಕೂಸಿನ ವಿಷಯದಲ್ಲಿ ಈ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಅಳುಕು.

ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬುದು ನಮ್ಮ ಮನೆಗಳ ಹಳೆಯ ಕಟ್ಟಳೆ. ಆರು ತಿಂಗಳ ಮಗುವಿಗೆ ಅದು ಒಪ್ಪುತ್ತದೆ. ಮೊದಲ ಎರಡು ವಾರದ ಹಸಿಗೂಸಿಗೆ ಒಪ್ಪುವುದಿಲ್ಲ. "ಪಾಪ, ಈಗಷ್ಟೇ ಕಣ್ಣು ಮುಚ್ಚಿದೆ, ಯಾಕೆ ಎಬ್ಬಿಸ್ತೀಯೇ? ಹಸಿದರೆ ತಾನೇ ಅಳುತ್ತೆ" ಎಂದು ಅಜ್ಜಿ ಹೇಳುವುದು ಅಕ್ಕರೆಯಿಂದಲೇ. "ಮೂರೂವರೆ ಗಂಟೆ ಆಯ್ತಮ್ಮ" ಎಂದು ಮಗಳು ಗಡಿಯಾರ ನೋಡುವುದೂ ಅಕ್ಕರೆಯಿಂದಲೇ. ಇಲ್ಲಿ ಮಗಳ ಮಾತು ನಡೆಯಬೇಕು. ಏಕೆಂದರೆ ಅಳುವುದಕ್ಕೂ ಶಕ್ತಿ ಬೇಕು. ಹಾಲು ಸಾಲದ ಕೂಸಿಗೆ ಮಂಪರು ಕವಿಯುತ್ತದೆ, ಮಂಪರು ಕವಿದಷ್ಟೂ ಅದು ಕುಡಿಯುವುದು ಇನ್ನೂ ಕಡಿಮೆಯಾಗುತ್ತದೆ. ನೋಡುವವರ ಕಣ್ಣಿಗೆ ಅದು ಹೊಟ್ಟೆ ತುಂಬಿದ ನಿದ್ದೆಯಂತೆಯೇ ಕಾಣುತ್ತದೆ.

ಕಾಮಾಲೆಯನ್ನೇ ನೋಡಿ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದಿಷ್ಟು ಹಳದಿ ಬಂದೇ ಬರುತ್ತದೆ. ಆ ಹಳದಿಗೆ ಕಾರಣವಾದ ಬಿಲಿರುಬಿನ್ ಮಲದೊಂದಿಗೆ ಹೊರಹೋಗಬೇಕು. ಹಾಲು ಕಡಿಮೆ ಕುಡಿದ ಕೂಸು ಮಲವಿಸರ್ಜನೆ ಮಾಡುವುದೂ ಕಡಿಮೆ, ಆಗ ಬಿಲಿರುಬಿನ್ ಕರುಳಿನಿಂದ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ. ಹಳದಿ ಹೆಚ್ಚಿದಂತೆ ನಿದ್ದೆಯೂ ಹೆಚ್ಚುತ್ತದೆ. ಸಾಮಾನ್ಯವಾಗಿ ಇದು ಏರುವುದು 3ರಿಂದ 5ನೇ ದಿನದಲ್ಲಿ, ಅಂದರೆ ಎಷ್ಟೋ ತಾಯಂದಿರು ಆಸ್ಪತ್ರೆಯಿಂದ ತವರಿಗೆ ಬಂದು ಇಳಿಯುವ ಹೊತ್ತಿಗೆ. ಅಲ್ಲಿ ನರ್ಸ್ ಬಂದು ಎಬ್ಬಿಸಿ ಕುಡಿಸುತ್ತಿದ್ದರು. ಇಲ್ಲಿ ಮನೆಮಂದಿಯೆಲ್ಲ ಕೂಸಿನ ನಿದ್ದೆ ಕಾಯುತ್ತ ಪಿಸುಮಾತಿನಲ್ಲಿ ಓಡಾಡುತ್ತಾರೆ.

ಹುಟ್ಟಿದಾಗ 3 ಕಿಲೋ ಇದ್ದ ಕೂಸು ಮೂರ್ನಾಲ್ಕು ದಿನದಲ್ಲಿ 2.8ಕ್ಕೆ ಇಳಿಯುವುದು ಸಹಜ. 10ರಿಂದ 14 ದಿನದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. ಅಲ್ಲಿಯವರೆಗೆ ದಿನರಾತ್ರಿ ಸೇರಿ 8ರಿಂದ 12 ಸಲ ಮೊಲೆಯೂಡಬೇಕು, ರಾತ್ರಿಯಾದರೂ 3–4 ಗಂಟೆಗಿಂತ ಹೆಚ್ಚು ಬಿಡುವು ಕೊಡಬಾರದು. 2.5 ಕಿಲೋಗಿಂತ ಕಡಿಮೆ ತೂಕದ, 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ವೈದ್ಯರು ಇನ್ನೂ ಬಿಗಿಯಾದ ಲೆಕ್ಕ ಕೊಡುತ್ತಾರೆ. ಹಗಲೂ ಈ ಲೆಕ್ಕಕ್ಕೆ ಸೇರುತ್ತದೆ. ಎಣ್ಣೆ ಹಚ್ಚಿ, ಬಿಸಿನೀರು ಎರೆದು ಮಲಗಿಸಿದ ಕೂಸು ಗಂಟೆಗಟ್ಟಲೆ ಅಲುಗುವುದಿಲ್ಲ. ಆ ನಿದ್ದೆಯನ್ನೂ ನಡುವೆ ಮುರಿಯಬೇಕಾದೀತು. (ಸಾಂಬ್ರಾಣಿ ಹೊಗೆಯನ್ನು ಮಾತ್ರ ಬಿಟ್ಟುಬಿಡಿ. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ.)

ಎಬ್ಬಿಸುವುದು ಎಂದರೆ ಬೆಚ್ಚಿಬೀಳಿಸುವುದಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಾಲಿ ಹೊರಳುತ್ತಿದ್ದರೆ, ತುಟಿ ಚೀಪುತ್ತಿದ್ದರೆ, ಕೈ ಬಾಯಿಗೆ ಹೋಗುತ್ತಿದ್ದರೆ ನಿದ್ದೆ ತೆಳುವಾಗಿದೆ ಎಂದರ್ಥ. ಅದೇ ಸಮಯ. ಸುತ್ತಿದ ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆ ಬದಲಿಸಿ, ಅಂಗಾಲು ಮತ್ತು ಬೆನ್ನನ್ನು ಮೆಲ್ಲಗೆ ಉಜ್ಜಿದರೆ ಬಹಳಷ್ಟು ಕೂಸುಗಳು ಬಾಯಿ ತೆರೆಯುತ್ತವೆ. ಇಲ್ಲವಾದರೆ ತಾಯಿಯ ಬರಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿಕೊಂಡು ಮೇಲೆ ಹೊದಿಕೆ ಹೊದೆಯಬಹುದು. ಕಡಿಮೆ ತೂಕದ ಶಿಶುಗಳಿಗೆಂದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕಾಂಗರೂ ಆರೈಕೆ ಇದೇ, ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ವ್ಯಾಪಕವಾಗಿ ನಡೆಸಿ ನೋಡಿದ್ದಾರೆ. ಮುಖಕ್ಕೆ ತಣ್ಣೀರು ಚಿಮುಕಿಸಬೇಡಿ. ನಿದ್ದೆಯಲ್ಲಿರುವ ಕೂಸಿನ ಬಾಯಿಗೆ ಒಳಲೆಯಲ್ಲಿ ಹಾಲು ಹೊಯ್ಯಲೇಬೇಡಿ, ಅದು ಶ್ವಾಸನಾಳಕ್ಕೆ ಹೋದೀತು.

ಇಷ್ಟೆಲ್ಲ ಮಾಡಿದರೂ ಎಚ್ಚರವಾಗದೆ ಕೈಕಾಲು ಜೋತುಬಿದ್ದರೆ, ಎರಡು ಗುಟುಕಿಗೇ ಮೊಲೆ ಬಿಟ್ಟರೆ, ಮೈ ತಣ್ಣಗಾಗಿದ್ದರೆ, ಹಳದಿ ಅಂಗಾಲಿನವರೆಗೆ ಇಳಿದಿದ್ದರೆ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು.

ಈ ಎಲ್ಲ ಎಬ್ಬಿಸುವಿಕೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಾವು ಸಾಕಷ್ಟು ಯೋಚಿಸುವುದಿಲ್ಲ. ಹೊಲಿಗೆಯ ನೋವಿನಲ್ಲಿ ಮಗ್ಗುಲು ಹೊರಳಿಸಲೂ ಕಷ್ಟಪಡುವ ಬಾಣಂತಿಯೇ ಅಲಾರಂ ಇಟ್ಟುಕೊಂಡು, ಅದು ಬಡಿಯುವ ಮೊದಲೇ ಎಚ್ಚರಗೊಂಡು ಕಾಯುತ್ತಿರುತ್ತಾಳೆ. ಹಾಲುಣಿಸುವುದು ಅವಳಿಂದಲೇ ಆಗಬೇಕು, ರಾತ್ರಿ ಕುಡಿಸಿದಷ್ಟೂ ಹಾಲು ಚೆನ್ನಾಗಿ ಕೂಡುತ್ತದೆ ಎಂಬುದೂ ನಿಜ. ಆದರೆ ಅಲಾರಂ ಇನ್ನೊಬ್ಬರ ಫೋನಿನಲ್ಲಿರಲಿ. ಕೂಸನ್ನು ಎತ್ತಿ, ಬಟ್ಟೆ ಬದಲಿಸಿ, ಎಚ್ಚರಿಸಿ ತಾಯಿಯ ಕೈಗಿಡುವುದು, ಕುಡಿದಾದ ಮೇಲೆ ತೇಗು ಬರಿಸಿ ಮಲಗಿಸುವುದು ಗಂಡನೋ ಅಜ್ಜನೋ ಸೋದರಮಾವನೋ ಮಾಡಬಹುದಾದ ಕೆಲಸ. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡಬಾರದು ಎಂಬ ಸಂಕೋಚವನ್ನು ಇನ್ನಾದರೂ ಬಿಡೋಣ.

ಹಾಗೆಂದು ತಿಂಗಳುಗಟ್ಟಲೆ ಎಬ್ಬಿಸುತ್ತಲೇ ಇರಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸಿನ ತೂಕ ನೋಡಬೇಕು. ಹುಟ್ಟಿದ ತೂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. 14ನೇ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತೂಕ ಮರಳಿದ್ದು, ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ವೈದ್ಯರೂ ಸರಿ ಎಂದರೆ ಅಲಾರಂ ತೆಗೆದುಬಿಡಿ, ಅದು ಐದು ಗಂಟೆ ಮಲಗಿದರೂ ಮಲಗಲಿ, ತಾಯಿಯೂ ಮಲಗಲಿ. ಮರಳಿಲ್ಲವಾದರೆ ಎಬ್ಬಿಸುವುದು ಮುಂದುವರಿಯಲಿ, ಕೂಸು ಮೊಲೆ ಹಿಡಿಯುವ ರೀತಿ ಸರಿಯಿದೆಯೇ ಎಂದು ಮಕ್ಕಳ ವೈದ್ಯರಿಗೆ ಅದೇ ವಾರ ತೋರಿಸಿ.